ಒಂದು ಕೋಣೆಯೂ ಮನೆಯೇ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಗಾದೆಯಲ್ಲಿ ಮನೆ ಮೊದಲು, ಮದುವೆ ಆಮೇಲೆ. ಆದರೆ ಈ ಕ್ರಮ ಗಂಡುಮಕ್ಕಳಿಗೆ ಮಾತ್ರ ಎಂಬುದು ಯಾರೂ ಹೇಳದೆಯೇ ನಮಗೆಲ್ಲ ಗೊತ್ತಾಗಿಬಿಟ್ಟಿದೆ. ಹೆಣ್ಣುಮಗಳಿಗೆ ಮದುವೆಯೇ ಮೊದಲು. ಮನೆ ಅದರ ಬೆನ್ನಿಗೆ ತಾನಾಗಿ ಬರುತ್ತದೆ, ಗಂಡನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ. ಮೂವತ್ತು ವರ್ಷ ಪಾಠ ಹೇಳಿದ ನಾನೂ ಇದನ್ನು ಪ್ರಶ್ನಿಸಿದವಳಲ್ಲ. ನನ್ನ ಮಗಳು ಒಂದು ಕೋಣೆಯನ್ನು ಕೊಳ್ಳಲು ಹೊರಟಾಗ ನನ್ನ ಸುತ್ತಲಿನವರು ಆಡಿದ ಮಾತುಗಳೇ ನನ್ನನ್ನು ಈ ಲೇಖನಕ್ಕೆ ಕೂರಿಸಿವೆ.

ಮಗಳಿಗೆ ಈಗ ಮೂವತ್ತಮೂರು. ನ್ಯೂಯಾರ್ಕಿನಲ್ಲಿ ವಿಮಾ ಕಂಪನಿಯೊಂದರಲ್ಲಿ ಕೆಲಸ. ಮದುವೆಯಾಗಿಲ್ಲ. ಏಳು ವರ್ಷದಿಂದ ಹಡ್ಸನ್ ನದಿಯಾಚೆ ಜರ್ಸಿ ಸಿಟಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆಗಿದ್ದಳು. 2025ರ ಬೇಸಿಗೆ ರಜೆಯಲ್ಲಿ ನಾನು ಅವಳ ಬಳಿಗೆ ಹೋದೆ. ಹೋದ ಮೂರನೆಯ ದಿನವೇ, "ಅಮ್ಮ, ಒಂದು ಮನೆ ನೋಡೋಕೆ ಹೋಗ್ಬೇಕು, ಬರ್ತೀಯಾ?" ಎಂದಳು. ಬಾಡಿಗೆಗೆ ಎಂದುಕೊಂಡೆ. "ಇಲ್ಲಮ್ಮ, ಕೊಂಡ್ಕೊಳ್ಳೋಕೆ" ಎಂದಾಗ ನನ್ನ ಎದೆ ಧಸಕ್ಕೆಂದದ್ದು ಸುಳ್ಳಲ್ಲ.

ಮನೆ ಇದ್ದದ್ದು ಮ್ಯಾನ್‌ಹಟನ್ನಿನ ಗ್ರೀನಿಚ್ ವಿಲೇಜ್ ಎಂಬ ಬಡಾವಣೆಯಲ್ಲಿ. ಮ್ಯಾನ್‌ಹಟನ್ನಿನ ಹೆಚ್ಚಿನ ರಸ್ತೆಗಳು ಗೆರೆ ಎಳೆದಂತೆ ನೇರ, ಅವಕ್ಕೆ ಹೆಸರಿಗೆ ಬದಲು ನಂಬರು. ಈ ವಿಲೇಜಿನಲ್ಲಿ ಮಾತ್ರ ರಸ್ತೆಗಳು ನಮ್ಮ ಹಳೇ ಪೇಟೆಯ ಓಣಿಗಳ ಹಾಗೆ ಓರೆಕೋರೆಯಾಗಿ ಓಡುತ್ತವೆ. ಹಿಂದೆ ಬಡ ಕವಿಗಳು, ಚಿತ್ರಕಾರರು, ನಾಟಕದವರು ಅಗ್ಗದ ಬಾಡಿಗೆಗೆಂದು ಬಂದು ಸೇರಿದ ಜಾಗವದು. ಈಗ ಕಾಫಿ ಅಂಗಡಿ, ಬಟ್ಟೆ ಅಂಗಡಿಗಳ ನಡುವೆ ಹಣವುಳ್ಳವರು ಮುಗಿಬಿದ್ದು ಮನೆ ಕೊಳ್ಳುವ ಜಾಗ.

ಇಟ್ಟಿಗೆಯ ಆರಂತಸ್ತಿನ ಕಟ್ಟಡ, 1929ರದು. ನಾಲ್ಕನೆಯ ಮಹಡಿಯಲ್ಲಿ ಒಂದೇ ಕೋಣೆ. ಒಟ್ಟು ಸುಮಾರು ನಾನೂರು ಚದರಡಿ. ಒಂದು ಮೂಲೆಯಲ್ಲಿ ಇಬ್ಬರು ಒಟ್ಟಿಗೆ ನಿಂತರೆ ಮೊಣಕೈ ತಾಗುವಂಥ ಅಡುಗೆಮನೆ, ಕಪ್ಪು ಬಿಳಿ ಹೆಂಚಿನ ಪುಟ್ಟ ಬಚ್ಚಲು, ಬಟ್ಟೆ ಇಡಲು ಗೋಡೆಯೊಳಗೊಂದು ಗೂಡು. ಓಕ್ ಮರದ ಹಲಗೆಗಳ ನೆಲ. ಎತ್ತರದ ಸೂರು. ಗೋಡೆಗೆ ಕಿವಿಯಿಟ್ಟರೂ ಪಕ್ಕದ ಮನೆಯ ಸದ್ದು ಕೇಳದಷ್ಟು ದಪ್ಪ ಗಾರೆ. ಕಿಟಕಿಯ ಕೆಳಗೆ ಕಬ್ಬಿಣದ ಉಗಿಕೊಳವೆ. ಆ ಊರಿನಲ್ಲಿ ಅಕ್ಟೋಬರ್ ಮೊದಲಿನಿಂದ ಮೇ ಕೊನೆಯವರೆಗೆ, ಚಳಿಯಿದ್ದ ದಿನ ಮನೆ ಬೆಚ್ಚಗಿಡುವುದು ಕಟ್ಟಡದವರ ಹೊಣೆ. ನಾವು ಹೋದ ದಿನವೂ ಕೊಳವೆ ನಮ್ಮ ಕುಕ್ಕರಿನಂತೆ ಬುಸುಗುಟ್ಟುತ್ತಿತ್ತು, ಸೆಕೆ ತಾಳದೆ ಕಿಟಕಿಯನ್ನು ತೆರೆದಿಟ್ಟಿದ್ದರು!

ಇಂಥದ್ದಕ್ಕೆ ಅಲ್ಲಿ ಪ್ರಿ-ವಾರ್ ಸ್ಟುಡಿಯೋ ಎನ್ನುತ್ತಾರೆ. ಎರಡನೆಯ ಮಹಾಯುದ್ಧಕ್ಕೆ ಮೊದಲು ಕಟ್ಟಿದ್ದು ಪ್ರಿ-ವಾರ್, ಮಲಗುವ ಕೋಣೆ ಬೇರೆಯಿಲ್ಲದೆ ಎಲ್ಲವೂ ಒಂದರಲ್ಲೇ ಇರುವುದು ಸ್ಟುಡಿಯೋ. ನಾನು ಊರಿಗೆ ಫೋನ್ ಮಾಡಿ ಹೇಳಿದಾಗ ನಮ್ಮವರ ಅಕ್ಕ, ನನ್ನ ಅತ್ತಿಗೆ, "ಏನು, ಫೋಟೋ ಸ್ಟುಡಿಯೋ ಇಡ್ತಾಳಂತಾ?" ಎಂದು ಕೇಳಿದರು. ವಿವರಿಸಿದೆ. ಬೆಲೆ ಕೇಳಿದರು. 5,40,000 ಡಾಲರ್ ಎಂದೆ. ಅವರೇ ಲೆಕ್ಕ ಹಾಕಿ, "ನಾಲ್ಕೂವರೆ ಕೋಟಿ ಕೊಟ್ಟು ಒಂದು ರೂಮಾ? ಅಲ್ಲಾ ಕಣೇ, ಆ ದುಡ್ಡಲ್ಲಿ ಇಲ್ಲಿ ಒಂದು ಬೀದೀನೇ ಕೊಂಡ್ಕೋಬೋದು. ಒಂಟಿ ಹುಡುಗಿಗೆ ಮನೆ ಯಾಕೆ? ಮೊದಲು ಮದುವೆ ಮಾಡು" ಎಂದರು.

ಇದೇ ಅತ್ತಿಗೆಯ ಮಗ ಇಪ್ಪತ್ತೊಂಬತ್ತು ವರ್ಷದ ಬ್ರಹ್ಮಚಾರಿಯಾಗಿದ್ದಾಗ ಬೆಂಗಳೂರಿನಲ್ಲಿ ಸಾಲ ಮಾಡಿ ಫ್ಲ್ಯಾಟು ಕೊಂಡ. ನಾವೆಲ್ಲ ಬಸ್ಸು ಮಾಡಿಕೊಂಡು ಗೃಹಪ್ರವೇಶಕ್ಕೆ ಹೋಗಿ ಹಾಲುಕ್ಕಿಸಿ ಬಂದೆವು. "ಹುಡುಗ ಮನೆ ಮಾಡಿದ, ಇನ್ನು ಹೆಣ್ಣು ಕೊಡೋರು ಸಾಲು ನಿಲ್ತಾರೆ" ಎಂದು ಹೆಮ್ಮೆಪಟ್ಟೆವು. ಒಂಟಿ ಹುಡುಗನಿಗೆ ಮನೆ ಏಕೆ ಎಂದು ಅಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹುಡುಗ ಕೊಂಡರೆ ಅದು 'ಮನೆ ಮಾಡಿದ್ದು', ಹುಡುಗಿ ಕೊಂಡರೆ 'ಒಂಟಿ ರೂಮು ಹಿಡಿದದ್ದು'. ನಮ್ಮ ಭಾಷೆಯಲ್ಲಿ ಹೆಂಡತಿಗೆ ಗೃಹಿಣಿ, ಮನೆಯೊಡತಿ, ಮನೆಯಾಕೆ ಎಂದು ಎಷ್ಟೊಂದು ಹೆಸರುಗಳಿವೆ! ಎಲ್ಲದರಲ್ಲೂ ಮನೆಯಿದೆ. ಇಲ್ಲದಿರುವುದು ಖಾತೆಯಲ್ಲಿ ಮಾತ್ರ.

ಬೆಲೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಬೆಲೆ ಅನ್ಯಾಯದ್ದು, ಒಪ್ಪುತ್ತೇನೆ. ಇದೇ ಗ್ರೀನಿಚ್ ವಿಲೇಜಿನಲ್ಲಿ ಬದುಕಿದ್ದ ಜೇನ್ ಜೇಕಬ್ಸ್ ಎಂಬ ಹೆಣ್ಣುಮಗಳು, ಕಾಲೇಜಿನ ಪದವಿಯೂ ಇಲ್ಲದಾಕೆ, 1961ರಲ್ಲಿ ನಗರಗಳ ಬಗ್ಗೆ ಪುಸ್ತಕ ಬರೆದು ದೊಡ್ಡ ದೊಡ್ಡ ಎಂಜಿನಿಯರರನ್ನು ಎದುರು ಹಾಕಿಕೊಂಡರು. ಹಳೆಯ ಕಟ್ಟಡಗಳನ್ನು ಕೆಡವಬೇಡಿ, ಹೆಚ್ಚು ಬಾಡಿಗೆ ತೆರಲಾರದವರಿಗೆ ಊರಿನಲ್ಲಿ ನೆಲೆ ಸಿಗುವುದೇ ಅಂಥ ಕಡೆ ಎಂಬುದು ಅವರ ವಾದದ ಒಂದು ಮುಖ್ಯ ಎಳೆ. ವಿಲೇಜಿನ ದೊಡ್ಡ ಭಾಗವನ್ನು 1969ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದರು. ಕಟ್ಟಡಗಳು ಉಳಿದವು, ಅಗ್ಗದ ಬಾಡಿಗೆ ಉಳಿಯಲಿಲ್ಲ. ದಲ್ಲಾಳಿ ಹೆಂಗಸು ಹಳೆಯ ಕೊಳವೆ, ಹಳೆಯ ಹೆಂಚು, ಹಳೆಯ ಬಾಗಿಲ ಹಿಡಿ ಒಂದೊಂದನ್ನೂ ತೋರಿಸಿ "ಚಾರ್ಮ್, ಚಾರ್ಮ್" ಎನ್ನುತ್ತಿದ್ದಾಗ ನನಗೆ ನಗು ಬಂತು. ನಾವು ಅಂಥದ್ದನ್ನೆಲ್ಲ ಗುಜರಿಗೆ ಹಾಕುತ್ತೇವೆ.

ಆದರೆ ಮಗಳ ಲೆಕ್ಕವನ್ನೂ ಕೇಳಿ. ತನ್ನ ಪಾಲಿನ ಬಾಡಿಗೆ ತಿಂಗಳಿಗೆ 1,900 ಡಾಲರ್. ಏಳು ವರ್ಷಕ್ಕೆ 1,59,600 ಡಾಲರ್. ಆ ಕೋಣೆಗೆ ಮೊದಲು ಕೊಡಬೇಕಾದ ಶೇಕಡಾ 20ರ ಮೊತ್ತ 1,08,000. ಅಂದರೆ ಅದಕ್ಕಿಂತ ಅರ್ಧ ಲಕ್ಷ ಡಾಲರಿನಷ್ಟು ಹೆಚ್ಚನ್ನು ಅವಳು ಆಗಲೇ ಬೇರೆಯವರ ಗೋಡೆಗೆ ಕಟ್ಟಿಯಾಗಿತ್ತು. ಸಾಲದ ಕಂತು ಮತ್ತು ಕಟ್ಟಡದ ನಿರ್ವಹಣೆಯ ಹಣ ಸೇರಿ ತಿಂಗಳಿಗೆ 3,700 ಡಾಲರ್ ಆಗುತ್ತಿತ್ತು. ಅದೇ ಬೀದಿಯಲ್ಲಿ ಅಂಥದೇ ಕೋಣೆಗೆ ಬಾಡಿಗೆಯೇ 3,400 ಕೇಳುತ್ತಿದ್ದರು. ಹುಡುಗಿ ಹುಚ್ಚಿಯಲ್ಲ. ಅವಳಿಗೆ ಲೆಕ್ಕ ಕಲಿಸಿದವಳು ನಾನೇ.

ಬೆಲೆ ಇಳಿದರೆ ಈ ಜನ ಸುಮ್ಮನಾಗುತ್ತಾರೆಯೇ? ಇಲ್ಲ. ನಮ್ಮೂರಿನಲ್ಲಿ ಹದಿನೈದು ಲಕ್ಷಕ್ಕೆ ಒಂದು ಕೋಣೆಯ ಮನೆ ಸಿಕ್ಕಿ ಅವಳು ಕೊಂಡಿದ್ದರೂ ಇದೇ ಮಾತು ಬರುತ್ತಿತ್ತು. ಆದ್ದರಿಂದ ಜಗಳ ದುಡ್ಡಿನದಲ್ಲ. ಹೆಣ್ಣೊಬ್ಬಳು ಒಳಗಿನಿಂದ ಚಿಲಕ ಹಾಕಿಕೊಳ್ಳುವ, ಹೊರಗಿನಿಂದ ಬೀಗ ಹಾಕಿ ಕೀಲಿ ತನ್ನ ಚೀಲದಲ್ಲೇ ಇಟ್ಟುಕೊಳ್ಳುವ ಜಾಗ ಇರಬಹುದೇ ಬಾರದೇ ಎಂಬುದರದು.

ಈ ಜಗಳ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಮಗಳು ಆ ಬಡಾವಣೆಯ ಚರಿತ್ರೆಯ ಪುಸ್ತಕವೊಂದನ್ನು ಕೊಟ್ಟಿದ್ದಳು. ಅದರಲ್ಲಿ ನನಗೆ ಸಿಕ್ಕವರು ಹೆನ್ರಿಯೆಟಾ ರಾಡ್‌ಮನ್. ನನ್ನಂತೆಯೇ ಹೈಸ್ಕೂಲ್ ಮೇಡಂ, ಗ್ರೀನಿಚ್ ವಿಲೇಜಿನವರು. ಆಗ ನ್ಯೂಯಾರ್ಕಿನ ಶಾಲಾ ಮಂಡಳಿ ಬಸುರಿಯಾದ ಶಿಕ್ಷಕಿಯರನ್ನು ಕೆಲಸದಿಂದ ತೆಗೆಯುತ್ತಿತ್ತು. ಅದನ್ನು ಲೇವಡಿ ಮಾಡಿ 1914ರಲ್ಲಿ ಪತ್ರಿಕೆಗೊಂದು ಪತ್ರ ಬರೆದದ್ದಕ್ಕೆ ಮಂಡಳಿ ಅವರನ್ನು ಅಮಾನತು ಮಾಡಿತು. ಆಕೆ ಗೆಳತಿಯರನ್ನು ಕೂಡಿಸಿಕೊಂಡು ದುಡಿಯುವ ಹೆಂಗಸರಿಗಾಗಿಯೇ ಒಂದು ದೊಡ್ಡ ಅಪಾರ್ಟ್‌ಮೆಂಟಿನ ನಕ್ಷೆ ಮಾಡಿಸಿದ್ದರು. ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಮಕ್ಕಳನ್ನು ನೋಡಿಕೊಳ್ಳಲು ತರಬೇತಾದವರು, ಪ್ರತಿಯೊಬ್ಬಳಿಗೂ ತನ್ನ ಮನೆ. ಅದು ನಕ್ಷೆಯಲ್ಲೇ ಉಳಿಯಿತು, ಕಟ್ಟಲಾಗಲಿಲ್ಲ. ನೂರಹತ್ತು ವರ್ಷದ ಹಿಂದೆ ಒಬ್ಬ ಮೇಡಂ ಕಂಡ ಕನಸನ್ನು ಓದುತ್ತ ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ.

ಕಟ್ಟಿದ್ದು ಬೇರೆ ಬಗೆಯದು. ಮ್ಯಾನ್‌ಹಟನ್ನಿನ 63ನೆಯ ಬೀದಿಯಲ್ಲಿ 1927ರಲ್ಲಿ ಕಟ್ಟಿದ ಬಾರ್ಬಿಜನ್ ಎಂಬ ಹೋಟೆಲು ಹೆಂಗಸರಿಗೆ ಮಾತ್ರ ಮೀಸಲಾಗಿತ್ತು. ಸುಮಾರು 700 ಪುಟ್ಟ ಕೋಣೆಗಳು. ಬೆರಳಚ್ಚುಗಾರ್ತಿಯರು, ನಟಿಯಾಗಲು ಬಂದವರು, ಪತ್ರಿಕೆಯಲ್ಲಿ ಕೆಲಸ ಕಲಿಯಲು ಬಂದವರು ಅಲ್ಲಿದ್ದರು. ಕವಯಿತ್ರಿ ಸಿಲ್ವಿಯಾ ಪ್ಲಾತ್ 1953ರ ಬೇಸಿಗೆಯಲ್ಲಿ ಅಲ್ಲಿ ತಂಗಿದ್ದರು. ಆದರೆ ಕೋಣೆ ಬೇಕೆಂದರೆ ನಡತೆಯ ಬಗ್ಗೆ ಮೂವರ ಪತ್ರ ತರಬೇಕಿತ್ತು. ಗಂಡಸರಿಗೆ ಮಲಗುವ ಮಹಡಿಗಳಿಗೆ ಪ್ರವೇಶವಿಲ್ಲ. ಅಂದರೆ ಕೋಣೆ ಕೊಟ್ಟರು, ಅಪ್ಪನನ್ನೂ ಜೊತೆಗೇ ಬಾಗಿಲಲ್ಲಿ ನಿಲ್ಲಿಸಿದರು. 1981ರವರೆಗೆ ಅದು ಹಾಗೆಯೇ ನಡೆಯಿತು. ಈಗ ಅದು ಶ್ರೀಮಂತರ ಅಪಾರ್ಟ್‌ಮೆಂಟು.

ಇನ್ನು ಸಾಲದ ಮಾತು. ಅಮೆರಿಕ ಎಂದರೆ ಹೆಂಗಸರ ಸ್ವರ್ಗ ಎಂದುಕೊಂಡ ನನಗೆ ಆಶ್ಚರ್ಯವಾದದ್ದು, ಸಾಲ ಕೊಡುವಾಗ ಹೆಣ್ಣೆಂದೋ ಮದುವೆಯಾಗಿಲ್ಲವೆಂದೋ ಭೇದ ಮಾಡಬಾರದು ಎಂಬ ಕಾಯಿದೆ ಅಲ್ಲಿ ಬಂದದ್ದೇ 1974ರಲ್ಲಿ. ಅದಕ್ಕೂ ಮೊದಲು ದುಡಿಯುವ ಹೆಣ್ಣಿಗೂ ಗಂಡನ ಅಥವಾ ಅಪ್ಪನ ಸಹಿ ಬೇಕೆಂದು ಬ್ಯಾಂಕಿನವರು ಕೇಳಬಹುದಿತ್ತು. ಆ ಕಟ್ಟಡ 1929ರದು. ಒಂಟಿ ಹೆಣ್ಣು ತನ್ನ ಸಂಬಳದ ಮೇಲೆ ಸಾಲ ಕೇಳುವ ಹಕ್ಕು ಅದಕ್ಕಿಂತ 45 ವರ್ಷ ಚಿಕ್ಕದು!

ನನ್ನ ಕಥೆಯನ್ನೂ ಇಲ್ಲಿ ಹೇಳಬೇಕು. 1995ರಲ್ಲಿ ನನಗೆ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿದ್ದು ಮನೆಯಿಂದ ದೂರದ ಒಂದು ತಾಲ್ಲೂಕು ಕೇಂದ್ರದಲ್ಲಿ. ನಮ್ಮವರ ಕೆಲಸ ಇನ್ನೊಂದೂರಿನಲ್ಲಿ. ಮೂರು ವರ್ಷದ ಮಗುವನ್ನು ಅತ್ತೆಯ ಬಳಿ ಬಿಟ್ಟು ಹೋಗಿದ್ದೆ. ಬಾಡಿಗೆಗೊಂದು ಕೋಣೆಗಾಗಿ ಹನ್ನೊಂದು ಮನೆಗಳ ಬಾಗಿಲು ತಟ್ಟಿದೆ. ಎಲ್ಲ ಕಡೆಯೂ ಒಂದೇ ಮಾತು: "ಯಜಮಾನರನ್ನ ಕರ್ಕೊಂಡು ಬನ್ನಿ ಮೇಡಂ." ತಾಳಿಯಿದೆ, ನೇಮಕಾತಿ ಪತ್ರವಿದೆ, ಸಾಲದು. ಕೊನೆಗೆ ವಿಧವೆ ಮುದುಕಿಯೊಬ್ಬರು ತಮ್ಮ ಪಡಸಾಲೆಯ ಪಕ್ಕದ ಕೋಣೆ ಕೊಟ್ಟರು. ಸೀಮೆಎಣ್ಣೆ ಸ್ಟೌವು, ಒಂದು ಚಾಪೆ, ಒಂದು ಟ್ರಂಕು. ನಾಚಿಕೆ ಬಿಟ್ಟು ಹೇಳುತ್ತೇನೆ, ಮಗುವನ್ನು ನೆನೆದು ಅಳುತ್ತಿದ್ದ ಆ ಎರಡು ವರ್ಷಗಳಲ್ಲೇ ನಾನು ನನ್ನಿಷ್ಟದ ಪುಸ್ತಕ ಓದಿದ್ದು, ಅನ್ನ ಮಾಡದೆ ಬರೀ ಚಿತ್ರಾನ್ನದ ಗೊಜ್ಜಿನಲ್ಲಿ ಬ್ರೆಡ್ಡು ತಿಂದು ಮಲಗಿದ್ದು. ಆಮೇಲೆ ದೊಡ್ಡ ಮನೆ ಬಂತು, ನಾಲ್ಕು ಕೋಣೆ. ಅದರಲ್ಲಿ ನನ್ನದು ಎಂದು ಹೇಳಬಹುದಾದ ಮೂಲೆ ಅಡುಗೆಕಟ್ಟೆ ಮಾತ್ರ. ಓದುವ ಸೋದರಿಯರೇ, ನಿಮ್ಮ ಮನೆಯಲ್ಲಿ ನೀವು ಬಾಗಿಲು ಹಾಕಿಕೊಂಡು ಕೂರಬಹುದಾದ ಜಾಗ ಯಾವುದು? ಬಚ್ಚಲುಮನೆಯನ್ನು ಬಿಟ್ಟು ಹೇಳಿ.

ಇನ್ನೊಂದು ಸಂಗತಿ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ತಿದ್ದುಪಡಿ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ ಎಂದರು. ನನ್ನ ಮದುವೆ 1990ರಲ್ಲಿ. 2005ರ ಕೇಂದ್ರ ಕಾಯಿದೆ ಆ ಭೇದವನ್ನು ತೆಗೆದುಹಾಕಿತು. ಹಕ್ಕು ಬಂದದ್ದರಿಂದಲೇ ಅಣ್ಣಂದಿರಿಗೆ ನನ್ನ ಸಹಿ ಬೇಕಾಯಿತು. ಅಪ್ಪ ಹೋದ ಮರುವರ್ಷ, 2007ರಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟನ್ನೂ ಒತ್ತಿ ಸಹಿಯನ್ನೂ ಹಾಕಿದೆ. ಅರಿಶಿನ ಕುಂಕುಮಕ್ಕೆಂದು ಒಂದು ರೇಷ್ಮೆ ಸೀರೆ, ಹತ್ತು ಸಾವಿರ ರೂಪಾಯಿ ಕೊಟ್ಟರು. ತವರಿನ ಬಾಗಿಲು ಮುಚ್ಚಬಾರದು ಎಂಬ ಆಸೆಗೆ ಸಹಿ ಹಾಕಿದೆ. ಯಾರೂ ಬಲವಂತ ಮಾಡಲಿಲ್ಲ. ಬಲವಂತವೇ ಬೇಕಾಗದಂತೆ ನಮ್ಮನ್ನು ಬೆಳೆಸಿರುತ್ತಾರೆ. 2020ರಲ್ಲಿ ಸುಪ್ರೀಂ ಕೋರ್ಟು ಹೆಣ್ಣುಮಕ್ಕಳ ಈ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ತೀರ್ಪು ಕೊಟ್ಟಿದ್ದನ್ನು ಓದಿದಾಗ ನಾನು ಆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿದೆ. ಮಡಿಕೆಯಲ್ಲಿ ಹರಿದಿತ್ತು.

ಮತ್ತೆ ನ್ಯೂಯಾರ್ಕಿನ ಕೋಣೆಗೆ ಬರುತ್ತೇನೆ. ಬ್ಯಾಂಕಿನವರು ಸಾಲಕ್ಕೆ ಒಪ್ಪಿದರು. ಮೊದಲ ಕಂತಿಗೆ ಮಗಳ ಉಳಿತಾಯ ಸ್ವಲ್ಪ ಸಾಲದೆ ಬಂತು. ಅವಳ ಮದುವೆಗೆಂದು ನಾನು ಹದಿನೆಂಟು ಲಕ್ಷ ಠೇವಣಿ ಇಟ್ಟಿದ್ದೆ. ನಮ್ಮವರನ್ನು ಕೇಳಿದೆ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಫೋನಿನಲ್ಲಿ, "ನಿನ್ನ ಸಂಬಳದ ದುಡ್ಡು, ನೀನೇ ನೋಡು" ಎಂದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ಹಾಗೆಂದದ್ದು ಅದೇ ಮೊದಲು. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರಿನವರೆಗೆ ಹೊರದೇಶಕ್ಕೆ ಕಳಿಸಬಹುದು, ಮಕ್ಕಳಿಗೆ ಉಡುಗೊರೆಯಾಗಿಯೂ ಕೊಡಬಹುದು. ಹತ್ತು ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕು ಮುಂಗಡವಾಗಿ ತೆರಿಗೆ ವಸೂಲು ಮಾಡುತ್ತದೆ. ವರ್ಷದ ಆದಾಯ ತೆರಿಗೆ ಲೆಕ್ಕ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಇಷ್ಟು ವಿವರ ಏಕೆ ಬರೆಯುತ್ತಿದ್ದೇನೆಂದರೆ, ಇವೆಲ್ಲ ಗಂಡಸರ ವಿಷಯ ಎಂದು ನಾವು ಪುಟ ತಿರುಗಿಸುತ್ತೇವಲ್ಲ, ಅದಕ್ಕೆ.

ಅಲ್ಲಿನ ಬ್ಯಾಂಕಿನವರು ನನ್ನಿಂದ ಒಂದು ಪತ್ರ ಕೇಳಿದರು. ಈ ಹಣ ಉಡುಗೊರೆ, ಸಾಲವಲ್ಲ, ಹಿಂದಿರುಗಿಸಬೇಕಾಗಿಲ್ಲ ಎಂದು ನಾಲ್ಕು ಸಾಲು. ಮಗಳ ಊಟದ ಮೇಜಿನ ಮೇಲೆ ಕೂತು ಸಹಿ ಹಾಕಿದೆ.

ಆದರೆ ಅಲ್ಲೊಂದು ತೊಡಕಿತ್ತು. ಆ ಕಟ್ಟಡ ಕೋ-ಆಪ್ ಪದ್ಧತಿಯದು. ಅಲ್ಲಿ ಕೊಳ್ಳುವವರಿಗೆ ಗೋಡೆಯ ಕ್ರಯಪತ್ರ ಸಿಗುವುದಿಲ್ಲ. ಇಡೀ ಕಟ್ಟಡ ಒಂದು ಸಂಸ್ಥೆಯದು, ನಾವು ಕೊಳ್ಳುವುದು ಅದರ ಷೇರುಗಳನ್ನು, ಜೊತೆಗೆ ಆ ಕೋಣೆಯಲ್ಲಿ ಇರುವ ಗುತ್ತಿಗೆಯನ್ನು. ಕಟ್ಟಡದ ನಿವಾಸಿಗಳೇ ಆರಿಸಿದ ಮಂಡಳಿ ಕೊಳ್ಳುವವರನ್ನು ಕರೆಸಿ ಮಾತಾಡಿಸುತ್ತದೆ. ಸಂಬಳದ ಚೀಟಿ, ಬ್ಯಾಂಕಿನ ಪುಸ್ತಕ, ಸ್ನೇಹಿತರ ಪತ್ರ, ಮೇಲಧಿಕಾರಿಯ ಪತ್ರ ಎಲ್ಲ ಕೊಡಬೇಕು. ಬಣ್ಣ, ಧರ್ಮ, ಹೆಣ್ಣು ಗಂಡು, ಮದುವೆಯಾಗಿದೆಯೇ ಇಲ್ಲವೇ ಎಂದು ನೋಡಿ ಬೇಡ ಎನ್ನುವಂತಿಲ್ಲ, ಅದಕ್ಕೆ ಕಾಯಿದೆಯ ತಡೆಯಿದೆ. ಆದರೆ ಕಾರಣವನ್ನೇ ಹೇಳದೆ ಬೇಡ ಎಂದರೆ ಏನು ಮಾಡುವುದು? ನಾನು ಊರಿಗೆ ಬಂದ ಮೇಲೆ, ಆಗಸ್ಟ್ ಮೊದಲ ವಾರದಲ್ಲಿ, ಹಾಗೆಯೇ ಆಯಿತು. ಎರಡೇ ಸಾಲಿನ ಉತ್ತರ. ಮುಂಗಡ ಹಣ ವಾಪಸು ಬಂತು. ನನಗೆ ಕಂಡದ್ದು ಆ ಹನ್ನೊಂದು ಬಾಗಿಲುಗಳು.

ಆ ವಾರವೇ ವರಮಹಾಲಕ್ಷ್ಮಿ ಹಬ್ಬ. ಅರಿಶಿನ ಕುಂಕುಮಕ್ಕೆ ಬಂದ ಬಂಧುಗಳಿಗೆಲ್ಲ ಸುದ್ದಿ ಮುಟ್ಟಿತ್ತು. ಒಬ್ಬೊಬ್ಬರ ಮುಖದಲ್ಲೂ ಎಂಥ ನೆಮ್ಮದಿ! "ದೇವರೇ ತಪ್ಪಿಸಿದ ನೋಡು," "ಒಳ್ಳೇದೇ ಆಯ್ತು, ಈಗ ಗಂಡು ನೋಡು," "ಮನೆ ಇದ್ದ ಹುಡುಗೀನ ಯಾರು ಮಾಡ್ಕೋತಾರೆ? ಬಗ್ಗೋದಿಲ್ಲ ಅಂತ ಹೆದರ್ತಾರೆ." ಈ ಕೊನೆಯ ಮಾತನ್ನು ಆಡಿದಾಕೆ ಗಂಡ ಹೋದ ಮೇಲೆ ಮಗನ ಮನೆಯಲ್ಲಿ ಆರು ತಿಂಗಳು, ಇನ್ನೊಬ್ಬ ಮಗನ ಮನೆಯಲ್ಲಿ ಆರು ತಿಂಗಳು ಟ್ರಂಕು ಹೊತ್ತು ತಿರುಗುತ್ತಿರುವವರು. ಅವರಿಗೆ ಎದುರುತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ಆದರೆ ಇಲ್ಲಿ ಬರೆಯುತ್ತೇನೆ. ಮನೆಯಿರುವ ಹುಡುಗಿ ಬಗ್ಗುವುದಿಲ್ಲ ಎನ್ನುವುದು ನಿಜವೇ ಆಗಿದ್ದರೆ, ನಮ್ಮ ಹೆಣ್ಣುಮಕ್ಕಳಿಗೆಲ್ಲ ಮನೆಯಿರಲಿ. ಬಗ್ಗುವವಳೇ ಬೇಕೆನ್ನುವ ಗಂಡು ಬೇರೆ ಕಡೆ ನೋಡಿಕೊಳ್ಳಲಿ. ಮನೆಯಿರುವ ಹುಡುಗಿ ಮದುವೆಯಾಗಬಾರದೆಂದು ನಾನು ಹೇಳುತ್ತಿಲ್ಲ. ಅವಳು ಇಷ್ಟಪಟ್ಟು ಆಗಲಿ. ಹೋಗಲು ಬೇರೆ ಜಾಗವಿಲ್ಲ ಎಂಬ ಕಾರಣಕ್ಕೆ ಆಗುವುದು ಬೇಡ. ಆದ ಮೇಲೂ ಆ ಕೀಲಿಯನ್ನು ಎಸೆಯುವುದು ಬೇಡ.

ಹಬ್ಬದ ರಾತ್ರಿ ಮಗಳು ಫೋನ್ ಮಾಡಿದಳು. ಅತ್ತಳೋ ಏನೋ, ಗಂಟಲು ಕಟ್ಟಿತ್ತು. "ಅಮ್ಮ, ಆ ದುಡ್ಡು ವಾಪಸ್ ಕಳಿಸ್ಬಿಡ್ತೀನಿ. ಇನ್ನೊಂದು ಬಿಲ್ಡಿಂಗಿನಲ್ಲಿ ಒಂದು ನೋಡ್ತಿದೀನಿ, ಅದೂ ಹಳೇದೇ, ಇದಕ್ಕಿಂತ ಚಿಕ್ಕದು. ಅದೂ ಸಿಗುತ್ತೋ ಇಲ್ವೋ" ಎಂದಳು.

"ನಾನು ಸಹಿ ಹಾಕಿದ ಕಾಗದ ಇದೆಯಲ್ಲ, ಅದನ್ನ ಇನ್ನೊಂದು ಸಲ ಓದು" ಎಂದೆ. "ಹಿಂದಿರುಗಿಸಬೇಕಾಗಿಲ್ಲ ಅಂತ ಬರೆದಿದೀನಿ. ಕಿಟಕಿ ಪೂರ್ವಕ್ಕಿದೆಯಾ ನೋಡ್ಕೋ."